ನವೋದಯದ ಗೇಟಿನ ಹೊರಗೆ ನಿಂತವರು

ಜನವರಿ ತಿಂಗಳ ಒಂದು ಶನಿವಾರ ಮುಂಜಾನೆ ಚಿಕ್ಕೋಡಿ ಸೀಮೆಯ ಒಂದು ಹೈಸ್ಕೂಲಿನ ಗೇಟಿನ ಹೊರಗೆ ನಾವು ನಾಲ್ಕು ಮಂದಿ ನಿಂತಿದ್ದೆವು. ಒಳಗೆ ಐದನೇ ಇಯತ್ತೆಯ ಮಕ್ಕಳು ನವೋದಯ ಪರೀಕ್ಷೆಗೆ ಕುಂತಿದ್ದವು. ಎರಡು ತಾಸು, ಎಂಬತ್ತು ಪ್ರಶ್ನೆ, ನೂರು ಅಂಕ. ಹೊರಗೆ ಅಪ್ಪ ಅವ್ವಂದಿರು. ಕಾರು ತಂದವರು ಕಾರಿನೊಳಗೆ, ಗಾಡಿ ತಂದವರು ಗಾಡಿಯ ಮೇಲೆ, ಬಸ್ಸಿಗೆ ಬಂದವರು ಬೇವಿನ ಗಿಡದ ಬುಡಕ್ಕೆ. ಯಾರೂ ಹೇಳದೆಯೇ ಜನ ಹಾಗೆ ಬೇರೆ ಬೇರೆ ಕೂತುಬಿಟ್ಟಿದ್ದರು. ಗಿಡದ ಬುಡಕ್ಕಿದ್ದವರಲ್ಲಿ ಒಬ್ಬಾಕೆ ನಿಪ್ಪಾಣಿ ಕಡೆಯವಳು, ಬೀಡಿ ಕಟ್ಟುವವಳು. ಆ ದಿನದ ಬೀಡಿ ಬಿಟ್ಟು ಮಗಳನ್ನು ಕರಕೊಂಡು ಬಂದಿದ್ದಳು. ಅಂದರೆ ಆ ದಿನದ ಕೂಲಿ ಇಲ್ಲ, ಮೇಲೆ ಬಸ್ಸಿನ ಚಿಂತೆ. ನಮ್ಮನ್ನು ಮಾಸ್ತರರು ಅಂತ ತಿಳಿದು ಕೇಳಿದಳು:

"ಸರ, ಇದರಾಗ ಪಾಸಾದ್ರ ಉಣ್ಣೂದು, ಉಡೂದು, ಪುಸ್ತಕ ಎಲ್ಲಾ ಸರಕಾರದ್ದ ಏನ್ರಿ?"

"ಹೌದವ್ವಾ."

"ಹಂಗಾದ್ರ ನಪಾಸಾದಾವಕ್ಕ ಸರಕಾರ ಇಲ್ಲೇನ್ರಿ?"

ನಮ್ಮಲ್ಲಿ ಇಬ್ಬರು ಬಿ.ಎಡ್. ಮಾಡಿದವರು, ಒಬ್ಬ ಎಂ.ಎ., ಇನ್ನೊಬ್ಬ ಹತ್ತು ವರ್ಷ ಸಂಘಟನೆಯಲ್ಲಿ ಭಾಷಣ ಮಾಡಿದವ. ನಾಲ್ವರಿಗೂ ಬಾಯಿ ಬರಲಿಲ್ಲ. ಆಮೇಲೆ ಚಹಾ ಅಂಗಡಿಯಲ್ಲಿ ಕೂತು ಈ ಪ್ರಶ್ನೆಯ ಬೆನ್ನು ಹತ್ತಿದೆವು. ಅಂದು ಆಡಿದ ಮಾತೇ ಬೆಳೆದು ಈ ಬರೆಹವಾಗಿದೆ.

ಬೆಳಗಾವಿ ಜಿಲ್ಲೆಯ ಜವಾಹರ ನವೋದಯ ವಿದ್ಯಾಲಯ ಇರುವುದು ಇದೇ ಚಿಕ್ಕೋಡಿ ತಾಲೂಕಿನ ಕೋಥಳಿಯಲ್ಲಿ. 1986ರ ರಾಷ್ಟ್ರೀಯ ಶಿಕ್ಷಣ ನೀತಿ ಹುಟ್ಟಿಸಿದ ಶಾಲೆ ಅದು. ಜಿಲ್ಲೆಗೊಂದು ಶಾಲೆ, ಆರನೇ ಇಯತ್ತೆಯಿಂದ ಹನ್ನೆರಡರವರೆಗೆ, ವಸತಿ ಸಮೇತ. ಖರ್ಚು ಕೇಂದ್ರ ಸರಕಾರದ್ದು, ಜಾಗ ರಾಜ್ಯ ಸರಕಾರದ್ದು. ಮೂವತ್ತು ಎಕರೆಯವರೆಗೆ ಭೂಮಿಯನ್ನು ರಾಜ್ಯ ಪುಕ್ಕಟೆ ಕೊಡಬೇಕು, ಕಟ್ಟಡ ಏಳುವ ತನಕ ತಾತ್ಪೂರ್ತಿಕ ಜಾಗವನ್ನೂ ತೋರಿಸಬೇಕು ಎಂಬುದು ಯೋಜನೆಯ ಕರಾರು. ವರ್ಷಕ್ಕೆ ಆರನೇ ಇಯತ್ತೆಗೆ ತಗೊಳ್ಳುವುದು ಎಂಬತ್ತು ಮಕ್ಕಳನ್ನು. 2011ರ ಜನಗಣತಿಯಲ್ಲಿ ಬೆಳಗಾವಿ ಜಿಲ್ಲೆಯ ಜನ 47,79,661. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಮಾತ್ರವಲ್ಲ, ಹುಕ್ಕೇರಿ, ಗೋಕಾಕ, ಸವದತ್ತಿ, ಖಾನಾಪುರ, ಬೈಲಹೊಂಗಲ, ರಾಮದುರ್ಗ ಎಲ್ಲಾ ಸೇರಿ ಎಂಬತ್ತು. ಅದರಲ್ಲಿ ಪರಿಶಿಷ್ಟ ಜಾತಿಗೆ ಶೇಕಡಾ 15ರ ಲೆಕ್ಕ ಹಿಡಿದರೆ 12. ಜಿಲ್ಲೆಯಲ್ಲಿ ಪರಿಶಿಷ್ಟ ಜಾತಿಯವರು ಐದೂವರೆ ಲಕ್ಷಕ್ಕೂ ಮೇಲೆ ಇದ್ದಾರೆ. ಐದೂವರೆ ಲಕ್ಷ ಜನರ ಕೇರಿಗಳಿಂದ ವರ್ಷಕ್ಕೆ ಹನ್ನೆರಡು ಹುಡುಗ ಹುಡುಗಿಯರು! ಒಂದು ಟಂಟಂ ಗಾಡಿಯಲ್ಲಿ ಹಿಡಿಸುವಷ್ಟು.

ಇಲ್ಲಿ ಒಂದು ಮಾತು ಸ್ಪಷ್ಟ ಮಾಡಿಬಿಡುತ್ತೇವೆ. ಆ ಶಾಲೆಯ ಮೇಲೆ ನಮಗೆ ಹೊಟ್ಟೆಕಿಚ್ಚಿಲ್ಲ. ನಮ್ಮ ಕೆಲವು ಗೆಳೆಯರು ಸಭೆಗಳಲ್ಲಿ ಎದ್ದು ನಿಂತು "ಇದು ಮೇಲ್ವರ್ಗದ ಶಾಲೆ, ಮುಚ್ಚಬೇಕು" ಎಂದು ಗುಡುಗುತ್ತಾರೆ. ಅವರು ಒಮ್ಮೆ ಕೇರಿಯಿಂದ ಅಲ್ಲಿಗೆ ಹೋಗಿ ಬಂದ ಹುಡುಗನ ಜೊತೆ ಮಾತಾಡಲಿ. ಅಲ್ಲಿ ಒಂದೇ ಪಂಕ್ತಿಯಲ್ಲಿ ಊಟ. ಯಾರ ಗಂಗಾಳ ಯಾರದೆಂದು ಕೇಳುವವರಿಲ್ಲ. ಗ್ರಂಥಾಲಯದ ಬೀಗ ತೆಗೆದಿರುತ್ತದೆ. ವಿಜ್ಞಾನಕ್ಕೆ ವಿಜ್ಞಾನದ ಮಾಸ್ತರರೇ ಇರುತ್ತಾರೆ. ಮೂರರಲ್ಲಿ ಒಂದು ಪಾಲು ಸೀಟು ಹುಡುಗಿಯರಿಗೆ. ಒಂಬತ್ತನೇ ಇಯತ್ತೆಗೆ ಕೆಲವು ಮಕ್ಕಳನ್ನು ಹಿಂದಿ ಸೀಮೆಯ ನವೋದಯಕ್ಕೆ ವರ್ಷಮಟ್ಟಿಗೆ ಕಳಿಸಿ ಅಲ್ಲಿಯವರನ್ನು ಇಲ್ಲಿಗೆ ತರುತ್ತಾರೆ. ಓಣಿ ದಾಟಿ ಊರೊಳಗೆ ಹೋಗಲು ಅಂಜುತ್ತಿದ್ದ ಮನೆತನದ ಹುಡುಗ ರೈಲು ಹತ್ತಿ ಬೇರೆ ರಾಜ್ಯಕ್ಕೆ ಹೋಗಿ ಓದಿ ಬರುತ್ತಾನೆ. ಇದು ಸಣ್ಣ ಮಾತಲ್ಲ. ಸರಕಾರ ಮನಸ್ಸು ಮಾಡಿದರೆ, ಸರಕಾರಿ ದುಡ್ಡಿನಲ್ಲಿ, ಹಳ್ಳಿಯ ನಡುವೆ ಒಂದು ಒಳ್ಳೆಯ ಹೈಸ್ಕೂಲು ನಡೆಸಬಹುದು ಎಂಬುದಕ್ಕೆ ಕೋಥಳಿಯೇ ಸಾಕ್ಷಿ. ನಮ್ಮ ಸಿಟ್ಟು ಇಲ್ಲಿಂದಲೇ ಶುರುವಾಗುತ್ತದೆ. ಎಂಬತ್ತು ಮಕ್ಕಳಿಗೆ ಮಾಡಲು ಬರುವುದು ಉಳಿದವರಿಗೆ ಯಾಕೆ ಬರುವುದಿಲ್ಲ?

"ಪ್ರತಿಭೆ" ಅನ್ನುತ್ತಾರೆ. ಗ್ರಾಮೀಣ ಪ್ರತಿಭೆಯನ್ನು ಹುಡುಕಿ ತೆಗೆಯುವ ಪರೀಕ್ಷೆಯಂತೆ. ಹತ್ತು ವರ್ಷದ ಮಗುವಿನ ಪ್ರತಿಭೆಯನ್ನು ಎರಡು ತಾಸಿನಲ್ಲಿ ಅಳೆಯುವ ಆ ತಕ್ಕಡಿ ಯಾರ ಕೈಯಲ್ಲಿದೆ? ನೂರರಲ್ಲಿ ಐವತ್ತು ಅಂಕ ಬುದ್ಧಿಶಕ್ತಿಯ ಚಿತ್ರಗಳಿಗೆ: ಈ ಆಕೃತಿಯ ಕನ್ನಡಿಬಿಂಬ ಯಾವುದು, ಮಡಚಿದ ಕಾಗದ ಬಿಚ್ಚಿದರೆ ತೂತು ಎಲ್ಲಿ ಬೀಳುತ್ತದೆ. ಉಳಿದದ್ದು ಗಣಿತ ಮತ್ತು ಭಾಷೆಗೆ. ಈ ಚಿತ್ರಗಳು ಹಳ್ಳಿಯ ಸರಕಾರಿ ಶಾಲೆಯ ಯಾವ ಪಠ್ಯದಲ್ಲೂ ಇಲ್ಲ. ಇರುವುದು ಕೋಚಿಂಗ್ ಕ್ಲಾಸಿನಲ್ಲಿ. ಬೆಳಗಾವಿ, ವಿಜಯಪುರ ಜಿಲ್ಲೆಗಳಲ್ಲಿ ಈ ಕೋಚಿಂಗು ಈಗ ಒಂದು ಬೆಳೆಯೇ ಆಗಿದೆ, ಕಬ್ಬಿಗಿಂತ ಬೇಗ ಕೈಗೆ ಬರುವ ಬೆಳೆ. ಊರ ಶಾಲೆಯಲ್ಲಿ ಹೆಸರು ಇಟ್ಟು, ಮಗುವನ್ನು ಕೋಚಿಂಗಿನ ವಸತಿಯಲ್ಲಿ ಬಿಟ್ಟು, ಬೆಳಗಿನ ನಾಲ್ಕಕ್ಕೆ ಎಬ್ಬಿಸಿ ಉರು ಹೊಡೆಸುವ ತಂದೆಗಳನ್ನು ನಾವು ನೋಡಿದ್ದೇವೆ. ಅವರೂ ಗ್ರಾಮೀಣರೇ! ಶೇಕಡಾ 75 ಸೀಟು ಹಳ್ಳಿಯವರಿಗೆ ಅಂತ ನಿಯಮವಿದೆ. ಆದರೆ ಆ ಒಂದು ಪದದೊಳಗೆ ಗೌಡರ ವಾಡೆಯೂ ಇದೆ, ಮಾದರ ಓಣಿಯೂ ಇದೆ. ನೂರು ಎಕರೆ ನೀರಾವರಿ ಇದ್ದವನೂ ಹಳ್ಳಿಯವ, ಅವನ ಹೊಲದಲ್ಲಿ ಕಬ್ಬು ಕಡಿಯುವವನೂ ಹಳ್ಳಿಯವ.

ನಮ್ಮವರನ್ನೂ ಬಿಡುವುದು ಬೇಡ. ಆ ಹನ್ನೆರಡು ಸೀಟಿನಲ್ಲಿ ಎಷ್ಟು ನಮ್ಮದೇ ನೌಕರದಾರರ ಮಕ್ಕಳಿಗೆ ಹೋಗುತ್ತವೆ ಎಂದು ನಾವು ಎದೆ ಮುಟ್ಟಿಕೊಂಡು ಹೇಳೋಣ. ಬಾಬಾಸಾಹೇಬರ ಫೋಟೋ ಹಾಕಿಕೊಂಡ ಮನೆಯವರೇ ಕೋಚಿಂಗಿಗೆ ದುಡ್ಡು ಕಟ್ಟುತ್ತೇವೆ, ಬೀಡಿ ಕಟ್ಟುವವಳ ಮಗಳು ಆಚೆ ನಿಲ್ಲುತ್ತಾಳೆ. ನೌಕರಿ ಹಿಡಿದವರ ಮಕ್ಕಳು ಓದಬಾರದೆಂದು ನಾವು ಹೇಳುತ್ತಿಲ್ಲ. ಹನ್ನೆರಡೇ ತುತ್ತು ಇಟ್ಟು ನಮ್ಮ ನಮ್ಮಲ್ಲೇ ಕಚ್ಚಾಡಲು ಬಿಟ್ಟವರು ಯಾರು ಎಂದು ಕೇಳುತ್ತಿದ್ದೇವೆ.

ಈ ನೆಲಕ್ಕೆ ಸರಕಾರಿ ಶಿಕ್ಷಣದ ಪ್ರಶ್ನೆ ಹೊಸದಲ್ಲ. ರಾಯಬಾಗ ಆಗ ಕೊಲ್ಹಾಪುರ ಸಂಸ್ಥಾನದಲ್ಲಿತ್ತು. 1902ರಲ್ಲೇ ಅರ್ಧ ನೌಕರಿಗಳನ್ನು ಹಿಂದುಳಿದವರಿಗೆ ಮೀಸಲಿಟ್ಟ ಶಾಹು ಮಹಾರಾಜರು 1917ರಲ್ಲಿ ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯ, ಉಚಿತ ಮಾಡುವ ಆಜ್ಞೆ ಹೊರಡಿಸಿದರು. 1919ರಲ್ಲಿ ಅಸ್ಪೃಶ್ಯರ ಬೇರೆ ಶಾಲೆಗಳನ್ನು ಮುಚ್ಚಿ ಎಲ್ಲಾ ಮಕ್ಕಳನ್ನು ಒಂದೇ ಶಾಲೆಗೆ ಸೇರಿಸಲು ಹೇಳಿದರು. ಮುಂಬೈ ಇಲಾಖೆಯಲ್ಲಿದ್ದ ಚಿಕ್ಕೋಡಿ, ಅಥಣಿ ಕಡೆಗೆ 1923ರ ಒಂದು ಸರಕಾರಿ ಆಜ್ಞೆ ಬಂತು: ಅಸ್ಪೃಶ್ಯರ ಮಕ್ಕಳನ್ನು ಸೇರಿಸಿಕೊಳ್ಳದ ಖಾಸಗಿ ಶಾಲೆಗೆ ಸರಕಾರದ ಅನುದಾನ ಇಲ್ಲ. ಓದುಗ ಗೆಳೆಯರು ಈ ಆಜ್ಞೆಯನ್ನು ನೆನಪಿಡಬೇಕು, ಮುಂದೆ ಇದರ ಕೆಲಸವಿದೆ. 1925ರ ಏಪ್ರಿಲ್‌ನಲ್ಲಿ ನಿಪ್ಪಾಣಿಯಲ್ಲೇ ಮುಂಬೈ ಪ್ರಾಂತದ ಬಹಿಷ್ಕೃತರ ಪರಿಷತ್ತು ನಡೆಯಿತು, ಬಾಬಾಸಾಹೇಬರು ಬಂದರು. ಅದೇ ವರ್ಷದ ಜನವರಿಯಲ್ಲಿ ಅವರ ಬಹಿಷ್ಕೃತ ಹಿತಕಾರಿಣಿ ಸಭಾ ಸೊಲ್ಲಾಪುರದಲ್ಲಿ ಹೈಸ್ಕೂಲಿಗೆ ಹೋಗುವ ಹುಡುಗರಿಗಾಗಿ ಬೋರ್ಡಿಂಗ್ ತೆರೆದಿತ್ತು. 1928ರ ನಂತರ ಸರಕಾರದ ನೆರವು ಪಡೆದು ಇಂಥ ವಸತಿಗೃಹಗಳು ಎದ್ದವು. ಧಾರವಾಡದಲ್ಲಿ ಒಂದು. ಅದನ್ನು ನೋಡಿಕೊಂಡವರು ಬಿ.ಎಚ್. ವರಾಳೆಯವರು.

ಯಾಕೆ ಬೋರ್ಡಿಂಗು? ಯಾಕೆಂದರೆ ಹಳ್ಳಿಯ ಶಾಲೆ ನಾಲ್ಕನೇ ಇಯತ್ತೆಗೆ ಮುಗಿಯುತ್ತಿತ್ತು. ಹೈಸ್ಕೂಲು ಪೇಟೆಯಲ್ಲಿ. ಪೇಟೆಯಲ್ಲಿ ಅಸ್ಪೃಶ್ಯ ಹುಡುಗನಿಗೆ ಇರಲು ಖೋಲಿ ಸಿಗುತ್ತಿರಲಿಲ್ಲ, ಉಣ್ಣಲು ಖಾನಾವಳಿ ಒಳಗೆ ಬಿಡುತ್ತಿರಲಿಲ್ಲ. ಆದ್ದರಿಂದ ಮೊದಲು ಅನ್ನ ಮತ್ತು ಸೂರು, ಆಮೇಲೆ ಎಲ್ಲರ ಜೊತೆ ಅದೇ ಹೈಸ್ಕೂಲು. ಓದಬೇಕೆನ್ನುವ ಮಗುವಿಗೆ ದಾರಿ ಇಲ್ಲದಿರುವುದೇ ಅಲ್ಲಿ ಅರ್ಹತೆ. ಈಗ ನೋಡಿ. ಅನ್ನ, ಸೂರು, ಒಳ್ಳೆಯ ಪಾಠ ಮೂರನ್ನೂ ಒಂದೇ ಬೇಲಿಯೊಳಗೆ ಇಟ್ಟು, ಬೇಲಿಗೆ ಪರೀಕ್ಷೆಯ ಗೇಟು ಹಾಕಿದ್ದಾರೆ.

ನವೋದಯ ಒಂದೇ ಆಗಿದ್ದರೆ ಹೋಗಲಿ ಎನ್ನಬಹುದಿತ್ತು. ಮೊರಾರ್ಜಿ ದೇಸಾಯಿ ವಸತಿ ಶಾಲೆ, ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆ, ಆದರ್ಶ ವಿದ್ಯಾಲಯ, ಎಲ್ಲಕ್ಕೂ ಆರನೇ ಇಯತ್ತೆಗೆ ಪರೀಕ್ಷೆ. ಒಂದೇ ಮಗು ಒಂದೇ ವರ್ಷ ನಾಲ್ಕು ಗೇಟಿನ ಮುಂದೆ ನಿಲ್ಲುತ್ತದೆ. 2018ರಲ್ಲಿ ಕರ್ನಾಟಕ ಪಬ್ಲಿಕ್ ಶಾಲೆ ಅಂದರು, 2022ರಲ್ಲಿ ಪಿಎಂ ಶ್ರೀ ಅಂದರು. ಒಂದೊಂದು ಸರಕಾರಕ್ಕೂ ಒಂದೊಂದು "ಮಾದರಿ" ಶಾಲೆ. ಯಾರಿಗೆ ಮಾದರಿ? ಮಾದರಿ ಎಂದರೆ ನೋಡಿ ಹಂಗ ಮಾಡೂದು ಅಂತ ಅರ್ಥ. ನಲವತ್ತು ವರ್ಷ ಆಗುತ್ತ ಬಂತು, ಕೋಥಳಿಯನ್ನು ನೋಡಿ ಪಕ್ಕದ ಹಳ್ಳಿಯ ಸರಕಾರಿ ಹೈಸ್ಕೂಲನ್ನು ಹಂಗ ಮಾಡಿದವರು ಯಾರು? 1990ರಲ್ಲೇ ಆಚಾರ್ಯ ರಾಮಮೂರ್ತಿ ಸಮಿತಿ ನವೋದಯದ ಈ ಆರಿಸುವ ನೀತಿಯನ್ನು ಪ್ರಶ್ನೆ ಮಾಡಿತ್ತು. ಅದಕ್ಕೂ ಮೊದಲು ಕೊಠಾರಿ ಆಯೋಗ 1966ರಲ್ಲಿ ಎಲ್ಲರಿಗೂ ಸಮಾನ ಶಾಲೆ ಅಂದಿತ್ತು. ಎರಡೂ ವರದಿ ಧೂಳು ತಿನ್ನುತ್ತಿವೆ.

ಈಗ ಆರಿಸಲ್ಪಡದವರ ಶಾಲೆಗೆ ಬರೋಣ. ಒಂದು ಸರಕಾರಿ ಹೈಸ್ಕೂಲು ಹುಟ್ಟುವ ಬಗೆ ನಮ್ಮ ಮಾಸ್ತರ ಗೆಳೆಯರಿಗೆ ಗೊತ್ತು, ಹೊಸ ಹುಡುಗರಿಗಾಗಿ ಬರೆಯುತ್ತೇವೆ. ಐದು ಕಿಲೋಮೀಟರಿನೊಳಗೆ ಬೇರೆ ಹೈಸ್ಕೂಲು ಇರಬಾರದು. ಸುತ್ತಿನ ಹಿರಿಯ ಪ್ರಾಥಮಿಕ ಶಾಲೆಗಳ ಮಕ್ಕಳ ಸಂಖ್ಯೆ ತೋರಿಸಬೇಕು. ಇಲಾಖೆಯ ಹೆಸರಿಗೆ ಜಾಗ ಆಗಬೇಕು. ಎಂ.ಎಲ್.ಎ. ಪತ್ರ ಬೇಕು. ಜಾಗ ಯಾರು ಕೊಡುತ್ತಾರೆ? ಹೊಲ ಇದ್ದವರು. ಅವರು ಕೊಟ್ಟ ಜಾಗ ಅವರ ಓಣಿಯ ಬಾಜೂ, ಶಾಲೆಗೆ ಅವರ ಅಜ್ಜನ ಹೆಸರು, ಎಸ್.ಡಿ.ಎಂ.ಸಿ.ಯಲ್ಲಿ ಅವರದೇ ಮಾತು. ಭೂಮಿ ಇಲ್ಲದ ಕೇರಿ ಏನು ದಾನ ಕೊಡಬೇಕು? ಗಾಯರಾಣ ಇದ್ದರೆ ಕೇಳಬಹುದು, ಆದರೆ ಅದರ ಮೇಲೆ ಯಾವಾಗಲೋ ಯಾರೋ ಕಬ್ಬು ಹಚ್ಚಿರುತ್ತಾರೆ. ಕೋಥಳಿಯಂಥ ಶಾಲೆಗೆ ಮೂವತ್ತು ಎಕರೆ ಕೊಡಬಲ್ಲ ಸರಕಾರಕ್ಕೆ ಕೇರಿಯ ಹತ್ತಿರ ಎರಡು ಎಕರೆ ಕೇಳಿದರೆ ನಕಾಶೆ ಸಿಗುವುದಿಲ್ಲ.

ಮಂಜೂರಾತಿ ಬಂತು, ಖೋಲಿ ಎದ್ದವು ಅನ್ನೋಣ. ಮಾಸ್ತರರು? ಒಬ್ಬರು ವರ್ಗ ಮಾಡಿಸಿಕೊಂಡು ಹೋದರೆ ಆ ಕುರ್ಚಿ ಖಾಲಿ. ಗಣಿತಕ್ಕೆ ಅತಿಥಿ ಶಿಕ್ಷಕಿ, ಇಂಗ್ಲಿಷಿಗೆ ಅತಿಥಿ ಶಿಕ್ಷಕ. ಎಂಥಾ ಅತಿಥಿ! ಶಾಲೆ ಶುರುವಾಗಿ ಎಷ್ಟೋ ದಿನಕ್ಕೆ ಬರುತ್ತಾನೆ, ಪರೀಕ್ಷೆಯ ಹೊತ್ತಿಗೆ ಬೀಳ್ಕೊಡುತ್ತಾರೆ. ನಡುವೆ ಕೊಡುವ ಗೌರವಧನ ಕಾಯಂ ಮಾಸ್ತರರ ಸಂಬಳದ ಹತ್ತಿರಕ್ಕೂ ಸುಳಿಯುವುದಿಲ್ಲ, ಅದೂ ತಿಂಗಳಾ ತಿಂಗಳಾ ಬರುವುದಿಲ್ಲ. ಬಿ.ಎಡ್. ಮಾಡಿದ ನಮ್ಮ ಹುಡುಗಿ ಒಬ್ಬಾಕೆ ಹಗಲು ಹೈಸ್ಕೂಲಿನಲ್ಲಿ ಬೀಜಗಣಿತ ಕಲಿಸಿ ಸಂಜೆ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾಳೆ. ಕೋಥಳಿಯಲ್ಲಿ ಕಾಯಂ ಮಾಸ್ತರರು ಶಾಲೆಯ ಆವರಣದಲ್ಲೇ ಮನೆ ಮಾಡಿಕೊಂಡು ಇರುತ್ತಾರೆ. ಹೋಲಿಕೆ ನೀವೇ ಮಾಡಿಕೊಳ್ಳಿ.

ಇನ್ನು ಅನುದಾನಿತ ಶಾಲೆ. ನಮ್ಮ ಸೀಮೆಯಲ್ಲಿ ಹೈಸ್ಕೂಲು ಎಂದರೆ ಬಹಳ ಊರುಗಳಲ್ಲಿ ಇದೇ. ಸಂಬಳ ಸರಕಾರದ್ದು, ಬೋರ್ಡು ಸಂಸ್ಥೆಯದ್ದು, ಆಯ್ಕೆ ಚೇರಮನ್ನರದು. ಚೇರಮನ್ ಯಾರು? ಸಕ್ಕರೆ ಕಾರಖಾನೆಯಲ್ಲೂ ಅವರೇ, ಸೊಸಾಯಿಟಿಯಲ್ಲೂ ಅವರೇ, ಚುನಾವಣೆ ಬಂದರೆ ಟಿಕೆಟ್ಟೂ ಅವರಿಗೇ. ಮಠ ಬೇರೆ, ಕಾರಖಾನೆ ಬೇರೆ ಅಂತ ಹೊರಗಿನವರು ತಿಳಿಯುತ್ತಾರೆ. ಸಂಸ್ಥೆಯ ಗ್ರೂಪ್ ಫೋಟೋ ನೋಡಿದರೆ ಕುರ್ಚಿ ಸಾಲಿನಲ್ಲಿ ಎಲ್ಲಾ ಒಂದೇ ಮನೆತನ. ಹಿಂದಿನ ಸಾಲಿನ ಕೊನೆಗೆ ನಿಂತ ಜವಾನ ನಮ್ಮವ. ಮೀಸಲಾತಿಯ ಪ್ರಕಾರ ನೇಮಕ ಮಾಡಬೇಕು ಎಂದು ನಿಯಮವಿದೆ. "ಯೋಗ್ಯ ಅಭ್ಯರ್ಥಿ ಸಿಗಲಿಲ್ಲ" ಎಂಬ ಒಂದು ಸಾಲು ಬರೆದರೆ ಆ ನಿಯಮ ಮಲಗಿಬಿಡುತ್ತದೆ. ಮೇಲೆ ಹೇಳಿದ 1923ರ ಆಜ್ಞೆ ಇಲ್ಲಿ ನೆನಪಾಗಬೇಕು. ಪರಕೀಯ ಸರಕಾರ ಕೂಡ ಒಂದು ಮಾತು ಅರ್ಥ ಮಾಡಿಕೊಂಡಿತ್ತು: ಎಲ್ಲರ ತೆರಿಗೆಯ ದುಡ್ಡು ಉಣ್ಣುವ ಶಾಲೆ ಎಲ್ಲರಿಗೂ ಬಾಗಿಲು ತೆಗೆಯಬೇಕು. ನೂರು ವರ್ಷದ ನಂತರ ಮಕ್ಕಳಿಗೆ ಬಾಗಿಲು ತೆಗೆದಿದ್ದಾರೆ, ನಿಜ. ಸ್ಟಾಫ್ ರೂಮಿನ ಬಾಗಿಲು ಇನ್ನೂ ಅರ್ಧ ಮುಚ್ಚಿದೆ. ಅನುದಾನ ತಗೊಳ್ಳುವ ಪ್ರತಿ ಸಂಸ್ಥೆ ತನ್ನ ಸಿಬ್ಬಂದಿಯ ರೋಸ್ಟರನ್ನು ಶಾಲೆಯ ಗೋಡೆಗೆ ಅಂಟಿಸಲಿ, ಅಂಟಿಸದವರ ಅನುದಾನ ನಿಲ್ಲಲಿ ಎನ್ನುತ್ತೇವೆ.

ಅರ್ಜಿ ನಮೂನೆಯ ಮಾತೂ ಇದೆ. ಸವದತ್ತಿ ಎಲ್ಲಮ್ಮನ ಹೆಸರಿನಲ್ಲಿ ಬಿಟ್ಟ ಹೆಣ್ಣುಮಕ್ಕಳ ಕಾಯ್ದೆ 1982ರಲ್ಲೇ ಬಂದಿದೆ. ಆದರೆ ಹೈಸ್ಕೂಲು ಸೇರಿಸಲು ಹೋದ ತಾಯಿಗೆ ಕಿಟಕಿಯೊಳಗಿನಿಂದ ಇನ್ನೂ "ತಂದೆ ಹೆಸರು ಹೇಳ್ರಿ" ಎಂದು ಕೂಗುತ್ತಾರೆ, ಹಿಂದೆ ಸಾಲಿನಲ್ಲಿ ನಿಂತ ಊರೆಲ್ಲಾ ಕೇಳುವ ಹಾಗೆ. ಬೌದ್ಧ ಎಂದು ಬರೆಸಿದ ನಮ್ಮ ಒಂದು ಕುಟುಂಬವನ್ನು ಜಾತಿ ಸರ್ಟಿಫಿಕೇಟಿಗಾಗಿ ಒಂದು ಕಚೇರಿಯವರು ಐದು ಸಲ ತಿರುಗಾಡಿಸಿದರು. 1990ರ ತಿದ್ದುಪಡಿಯನ್ನು ನಾವೇ ಝೆರಾಕ್ಸ್ ಮಾಡಿಸಿ ಒಯ್ದು ತೋರಿಸಬೇಕಾಯಿತು. ಅಷ್ಟರಲ್ಲಿ ಅರ್ಜಿಯ ಕೊನೆಯ ದಿನ ದಾಟಿತ್ತು.

ಗಡಿಯ ಮಾತಿಲ್ಲದೆ ನಮ್ಮ ಸೀಮೆಯ ಯಾವ ಮಾತೂ ಮುಗಿಯುವುದಿಲ್ಲ. 1967ರ ಮಹಾಜನ ವರದಿ, 2004ರಿಂದ ಸುಪ್ರೀಂ ಕೋರ್ಟಿನಲ್ಲಿ ಬಿದ್ದ ದಾವೆ, ನವೆಂಬರ್ ಒಂದಕ್ಕೆ ಒಬ್ಬರ ಹಳದಿ ಕೆಂಪು, ಇನ್ನೊಬ್ಬರ ಕರಿ ಬಾವುಟ. ನಿಪ್ಪಾಣಿಯ ನಮ್ಮ ಕೇರಿಯಲ್ಲಿ ಮನೆಮಾತು ಮರಾಠಿ, ಅಥಣಿಯ ನಮ್ಮ ಕೇರಿಯಲ್ಲಿ ಕನ್ನಡ. ಇಬ್ಬರ ಮಕ್ಕಳಿಗೂ ಪ್ರಯೋಗಶಾಲೆ ಇಲ್ಲ, ಇಬ್ಬರ ಶಾಲೆಯ ಹೆಣ್ಣುಮಕ್ಕಳ ಪಾಯಖಾನೆಗೂ ನೀರಿಲ್ಲ. ಬೋರ್ಡಿನ ಅಕ್ಷರ ಯಾವ ಭಾಷೆಯದ್ದೆಂದು ಬಡಿದಾಡುವ ಎರಡೂ ಕಡೆಯ ಮುಖಂಡರ ಮೊಮ್ಮಕ್ಕಳು ಬೆಳಗಾವಿ, ಪುಣೆಯ ಇಂಗ್ಲಿಷ್ ಶಾಲೆಯಲ್ಲಿದ್ದಾರೆ. ಮರಾಠಿ ಮಾತಾಡುವ ಮಗುವಿಗೆ ಮರಾಠಿಯಲ್ಲಿ ಒಳ್ಳೆಯ ಹೈಸ್ಕೂಲು ಕೊಟ್ಟು, ಕನ್ನಡವನ್ನೂ ಪ್ರೀತಿಯಿಂದ ಕಲಿಸುವ ಮಾಸ್ತರರನ್ನು ಕೊಡುವುದು ಸರಕಾರದ ಕೆಲಸ. ಇದನ್ನು ಬರೆದದ್ದಕ್ಕೆ ನಮಗೆ ಎರಡೂ ಕಡೆಯಿಂದ ಬೈಗುಳ ಬರುತ್ತವೆ, ಬರಲಿ.

ಹೊಳೆ ಬಂದಾಗ ಮಾತ್ರ ಎಲ್ಲರಿಗೂ ಸರಕಾರಿ ಶಾಲೆ ನೆನಪಾಗುತ್ತದೆ. 2005ರಲ್ಲಿ, 2019ರ ಆಗಸ್ಟಿನಲ್ಲಿ, ಮತ್ತೆ 2021ರಲ್ಲಿ ಕೃಷ್ಣಾ, ದೂಧಗಂಗಾ, ವೇದಗಂಗಾ ಉಕ್ಕಿದಾಗ ನದಿ ದಂಡೆಯ ಜನ ದನಕರು ಕಟ್ಟಿಕೊಂಡು ಬಂದು ಇಳಿದದ್ದು ಇದೇ ಖೋಲಿಗಳಲ್ಲಿ. ಕಾಳಜಿ ಕೇಂದ್ರ ಎಂದು ಹೆಸರಿಟ್ಟರು. ನೀರು ಇಳಿಯಿತು, ಜನ ಹೋದರು, ಮಂತ್ರಿಗಳು ಹೋದರು. ತೊಯ್ದ ದಾಖಲೆ, ಒಡೆದ ಫರಸಿ, ಬಿರುಕು ಗೋಡೆ ಉಳಿದವು. ಆ ವರ್ಷ ಹತ್ತನೇ ಇಯತ್ತೆಯಲ್ಲಿದ್ದ ಮಕ್ಕಳ ಪರೀಕ್ಷೆಗೆ ಯಾವ ಪರಿಹಾರ?

ಪರೀಕ್ಷೆ ಎಂದಾಗ ಫಲಿತಾಂಶದ ಹೆಮ್ಮೆ ಎದ್ದು ಬರುತ್ತದೆ. 2018ರ ಎಸ್.ಎಸ್.ಎಲ್.ಸಿ.ಯಲ್ಲಿ ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆ ರಾಜ್ಯಕ್ಕೆ ಮೂರನೆಯದು, ಉಡುಪಿ ಮತ್ತು ಉತ್ತರ ಕನ್ನಡದ ಬೆನ್ನಿಗೆ. ನಮಗೂ ಖುಷಿಯಾಯಿತು, ಸುಳ್ಳೇಕೆ ಹೇಳಬೇಕು. ಆಮೇಲೆ ಪರೀಕ್ಷಾ ಖೋಲಿಗಳಿಗೆ ಕ್ಯಾಮೆರಾ ಬಂದವು. 2023ರಲ್ಲಿ ಶೇಕಡಾ 83.89 ಇದ್ದ ಇಡೀ ರಾಜ್ಯದ ಫಲಿತಾಂಶ 2025ರಲ್ಲಿ 62.34ಕ್ಕೆ ಬಿತ್ತು. ಅಧಿಕಾರಿಗಳು ಮಾಸ್ತರರಿಗೆ ನೋಟೀಸು ಕೊಟ್ಟರು. ಖಾಲಿ ಕುರ್ಚಿಗೆ ನೋಟೀಸು ಹೇಗೆ ಕೊಡುತ್ತಾರೋ ತಿಳಿಯದು. ಇನ್ನೊಂದು ಲೆಕ್ಕವನ್ನು ಯಾರೂ ಹೇಳುವುದಿಲ್ಲ: ಪರೀಕ್ಷೆಯ ತನಕ ಬಂದು ಮುಟ್ಟದವರದು. ದೀಪಾವಳಿ ಮುಗಿಯುತ್ತಲೇ ಕಬ್ಬಿನ ಗ್ಯಾಂಗಿನ ಸಂಗಡ ಹೊರಟ ಹುಡುಗ, ತಮ್ಮನನ್ನು ನೋಡಿಕೊಳ್ಳಲು ಉಳಿದ ಹುಡುಗಿ, ಹದಿನೈದಕ್ಕೆ ಲಗ್ನವಾದವಳು. 2009ರ ಶಿಕ್ಷಣ ಹಕ್ಕು ಕಾಯ್ದೆ ಹದಿನಾಲ್ಕು ವರ್ಷಕ್ಕೆ, ಎಂಟನೇ ಇಯತ್ತೆಗೆ ಕೈ ಬಿಡುತ್ತದೆ. ಕರ್ನಾಟಕದಲ್ಲಿ ಹೈಸ್ಕೂಲು ಶುರುವಾಗುವುದೇ ಎಂಟಕ್ಕೆ. ಹೈಸ್ಕೂಲಿನ ಹೊಸ್ತಿಲು ದಾಟಿಸಿ ಒಂದು ವರ್ಷಕ್ಕೆ "ಇನ್ನ ನಿಮ್ಮ ದಾರಿ ನೀವು ನೋಡ್ಕೋರಿ" ಅನ್ನುವ ಕಾಯ್ದೆ! 2006ರಿಂದ ಎಂಟನೇ ಇಯತ್ತೆಗೆ ಸೈಕಲ್ಲಾದರೂ ಕೊಡುತ್ತಿದ್ದರು. ಕೊರೋನಾ ಕಾಲಕ್ಕೆ ನಿಂತ ಆ ಸೈಕಲ್ಲು ಮತ್ತೆ ಉರುಳಲಿಲ್ಲ. ಐದು ಕಿಲೋಮೀಟರು ಎನ್ನುವುದು ವಿಧಾನಸೌಧದ ನಕಾಶೆಯಲ್ಲಿ ಒಂದು ಬೆರಳಗಲ. ಎರಡೂ ಕಡೆ ಆಳೆತ್ತರ ಕಬ್ಬು ನಿಂತ ದಾರಿಯಲ್ಲಿ, ಸಂಜೆ ಆರಕ್ಕೆ, ಹದಿಮೂರು ವರ್ಷದ ಹುಡುಗಿಗೆ ಅದು ಎಷ್ಟು ದೂರ ಎಂದು ಅವಳ ಅವ್ವನನ್ನು ಕೇಳಬೇಕು.

ಆದ್ದರಿಂದ ಬೀಡಿ ಕಟ್ಟುವ ಆ ತಾಯಿಯ ಪರವಾಗಿ ನಾವು ಕೇಳುವುದು ನವೋದಯದ ಎಂಬತ್ತನ್ನು ನೂರಾ ಅರವತ್ತು ಮಾಡಿರಿ ಎಂದಲ್ಲ. ಪ್ರತಿ ಹೈಸ್ಕೂಲಿನ ಮಗ್ಗುಲಿಗೆ ಮೆಟ್ರಿಕ್ ಪೂರ್ವ ಹಾಸ್ಟೆಲ್ಲು ಬೇಕು, ಪರೀಕ್ಷೆ ಇಲ್ಲದೆ, ಕೇಳಿದ ಮಗುವಿಗೆಲ್ಲ ಜಾಗ ಇರುವ ಹಾಸ್ಟೆಲ್ಲು. ಗ್ಯಾಂಗಿಗೆ ಹೋಗುವವರ ಮಕ್ಕಳನ್ನು ಆ ಆರು ತಿಂಗಳು ಅಲ್ಲೇ ಇಟ್ಟುಕೊಳ್ಳಲಿ. ವಿಷಯಕ್ಕೊಬ್ಬ ಕಾಯಂ ಮಾಸ್ತರ ಬೇಕು. ಹತ್ತನೇ ಇಯತ್ತೆ ಮುಗಿಯುವ ತನಕ ಕಾಯ್ದೆಯ ಹಕ್ಕು ಬೇಕು. ದುಡ್ಡಿಲ್ಲ ಅಂತಾರ. ದುಡ್ಡು ಕೊಟ್ಟರೆ ಏನಾಗುತ್ತದೆ ಎಂದು ಕೋಥಳಿಯಲ್ಲಿ ಅವರೇ ತೋರಿಸಿದ್ದಾರೆ.

ಐದೂ ತಾಲೂಕಿನ ಗೆಳೆಯರು, ಮುಖ್ಯವಾಗಿ ಹೈಸ್ಕೂಲು ಮಾಸ್ತರರು, ನಮಗೆ ಒಂದು ಕೆಲಸ ಮಾಡಿಕೊಡಬೇಕು. ನಿಮ್ಮ ಶಾಲೆಯಲ್ಲಿ ಎಂಟಕ್ಕೆ ಹೆಸರು ಹಚ್ಚಿ ಹತ್ತಕ್ಕೆ ಬಾರದ ಮಕ್ಕಳ ಸಂಖ್ಯೆ, ಓಣಿವಾರು, ಹುಡುಗ ಹುಡುಗಿ ಬೇರೆ ಮಾಡಿ ಬರೆಯಿರಿ. ಖಾಲಿ ಕುರ್ಚಿ ಎಷ್ಟು, ಯಾವ ವಿಷಯದ್ದು, ಎಂದಿನಿಂದ ಎಂಬುದನ್ನೂ ಬರೆಯಿರಿ. ಮಕ್ಕಳ ಹೆಸರು ಬೇಡ, ನಿಮ್ಮ ಹೆಸರೂ ಬೇಡ. ಶಾಲೆ ತೆರೆಯುವ ವಾರ ಈ ಪಟ್ಟಿಗಳನ್ನೆಲ್ಲ ಕೂಡಿಸಿ ಚಿಕ್ಕೋಡಿಯ ಡಿ.ಡಿ.ಪಿ.ಐ. ಕಚೇರಿಗೆ ಒಯ್ಯುತ್ತೇವೆ. ಆ ತಾಯಿ ಬರುತ್ತೇನೆ ಅಂದಿದ್ದಾಳೆ. ಅವಳ ಮಗಳ ಹೆಸರು ನವೋದಯದ ಪಟ್ಟಿಯಲ್ಲಿ ಬರಲಿಲ್ಲ. ಊರ ಶಾಲೆಯಲ್ಲೇ ಆರನೇ ಇಯತ್ತೆಗೆ ಕೂರುತ್ತಾಳೆ.